ಕ್ಯಾಶ್‌ಬ್ಯಾಕ್ ಕಡಿಮೆಯಾಗುತ್ತಿರುವಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಯಾವ ಕ್ರೆಡಿಟ್ ಕಾರ್ಡ್ ಸೂಕ್ತ?

ತೋಟದಾಚೆ, ಶಿರಸಿ

ನಾನು ಕೆಲವು ವರ್ಷಗಳಿಂದ ಬಳಸುತ್ತಿರುವ ಕ್ರೆಡಿಟ್ ಕಾರ್ಡಿನ ಬ್ಯಾಂಕಿನಿಂದ ಈಚೆಗೆ ಒಂದು ಇಮೇಲ್ ಬಂದಿದೆ. ವಿದ್ಯುತ್ ಬಿಲ್, ವಿಮಾ ಕಂತು ಮತ್ತು ಸರ್ಕಾರಿ ಪಾವತಿಗಳಿಗೆ ಇನ್ನು ಮುಂದೆ ಕ್ಯಾಶ್‌ಬ್ಯಾಕ್ (ಖರ್ಚಿನಲ್ಲಿ ನಮಗೆ ಹಿಂದಿರುಗುವ ಪಾಲು) ಸಿಗುವುದಿಲ್ಲ, ಉಳಿದ ಖರೀದಿಗೆ ಸಿಗುತ್ತಿದ್ದ ಶೇ. 1.5 ಈಗ ಶೇ. 1ಕ್ಕೆ ಇಳಿಯುತ್ತದೆ, ವಾರ್ಷಿಕ ಶುಲ್ಕ ಮಾತ್ರ ಹಿಂದಿನಷ್ಟೇ ಇರುತ್ತದೆ ಎಂಬುದು ಅದರ ಸಾರಾಂಶ. ಆದ್ದರಿಂದ ಬೇರೆ ಕಾರ್ಡ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ.

ಮನೆಯ ಖರ್ಚಿನ ಪಟ್ಟಿಯನ್ನು ಇಲ್ಲಿಯೇ ಇಡುತ್ತೇನೆ. ತಿಂಗಳಿಗೆ ದಿನಸಿ ಮತ್ತು ತರಕಾರಿಗೆ 9,000 ರೂಪಾಯಿ, ಪೆಟ್ರೋಲಿಗೆ 5,000, ಹೆಸ್ಕಾಂ ಬಿಲ್, ಫೋನ್ ಮತ್ತು ಇಂಟರ್ನೆಟ್ ಸೇರಿ 3,500, ಆನ್‌ಲೈನ್ ಖರೀದಿಗೆ 6,000, ತಂದೆಯವರ ಔಷಧಕ್ಕೆ 2,000. ಇವಲ್ಲದೆ ವರ್ಷಕ್ಕೊಮ್ಮೆ ಎಲ್‌ಐಸಿ ಕಂತು 60,000 ಮತ್ತು ಹುಬ್ಬಳ್ಳಿಯಲ್ಲಿ ಓದುತ್ತಿರುವ ಮಗಳ ಕಾಲೇಜು ಶುಲ್ಕ 1,40,000. ಎಲ್ಲ ಕೂಡಿದರೆ ವರ್ಷಕ್ಕೆ 5,06,000 ರೂಪಾಯಿ ಆಗುತ್ತದೆ. ಇಷ್ಟು ಖರ್ಚಿಗೆ ಒಂದು ಒಳ್ಳೆಯ ಕಾರ್ಡ್ ಇದ್ದರೆ ಹತ್ತು ಸಾವಿರವಾದರೂ ಹಿಂದಿರುಗಬೇಕಲ್ಲವೇ ಎಂಬುದು ನನ್ನ ಲೆಕ್ಕಾಚಾರ. ವೀಡಿಯೊಗಳಲ್ಲಿ ಹೇಳುವ ಕಾರ್ಡುಗಳೆಲ್ಲ ಬೆಂಗಳೂರಿನವರಿಗೆ ಮಾಡಿದಂತೆ ಕಾಣುತ್ತವೆ. ಊಟ ತರಿಸುವ ಆ್ಯಪಿನ ಮೇಲೆ ಶೇ. 10 ಕೊಟ್ಟರೆ ತೋಟದ ಮನೆಯಲ್ಲಿ ಅದರಿಂದ ಏನು ಪ್ರಯೋಜನ? ಈ ಜಿಲ್ಲೆಯಲ್ಲಿದ್ದುಕೊಂಡು ಬಳಸಿದವರು ದಯವಿಟ್ಟು ತಿಳಿಸಿ.

ಕಾಳಿ ತೀರ, ಕಾರವಾರ

ತೋಟದಾಚೆಯವರೆ, ನಿಮ್ಮೊಬ್ಬರಿಗೇ ಹೀಗಾಗಿದೆ ಎಂದು ತಿಳಿಯಬೇಡಿ. ಮೂರು ವರ್ಷಗಳಿಂದ ಎಲ್ಲ ಕಡೆಯೂ ಇದೇ ನಡೆಯುತ್ತಿದೆ. ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್ 2022ರ ಸೆಪ್ಟೆಂಬರಿನಲ್ಲಿ ಬಂದಾಗ ಆನ್‌ಲೈನ್ ಖರೀದಿಗೆ ಶೇ. 5ರಂತೆ ತಿಂಗಳಿಗೆ 10,000 ರೂಪಾಯಿವರೆಗೆ ಹಿಂದಿರುಗುತ್ತಿತ್ತು. 2023ರ ಮೇ ತಿಂಗಳಿನಿಂದ ಆ ಮಿತಿ 5,000ಕ್ಕೆ ಇಳಿಯಿತು. 2020ರಲ್ಲಿ ಬಂದ ಆ್ಯಕ್ಸಿಸ್ ಏಸ್ ಕಾರ್ಡ್, ಎಲ್ಲಿ ಉಜ್ಜಿದರೂ ಶೇ. 2 ಎಂದು ಹೆಸರು ಮಾಡಿತ್ತು. 2024ರಲ್ಲಿ ಅದು ಶೇ. 1.5 ಆಯಿತು. ವಿಮಾನ ನಿಲ್ದಾಣದ ಲಾಂಜ್ (ವಿಶ್ರಾಂತಿ ಕೋಣೆ) ಸೌಲಭ್ಯಕ್ಕೂ ಷರತ್ತು ಬಂದಿದೆ. ಐಸಿಐಸಿಐ ಬ್ಯಾಂಕಿನ ಹಲವು ಕಾರ್ಡುಗಳಲ್ಲಿ ಹಿಂದಿನ ತ್ರೈಮಾಸಿಕದಲ್ಲಿ 35,000 ರೂಪಾಯಿ ಖರ್ಚು ಮಾಡಿರಬೇಕೆಂಬ ನಿಯಮ 2024ರ ನವೆಂಬರಿನಲ್ಲಿ 75,000ಕ್ಕೆ ಏರಿತು. ನಾಗರಿಕ ವಿಮಾನ ನಿಲ್ದಾಣವೇ ಇಲ್ಲದ ಜಿಲ್ಲೆಯಲ್ಲಿ ಕುಳಿತು ಲಾಂಜ್ ನೋಡಿ ಕಾರ್ಡ್ ಆರಿಸುವುದು ನನಗಂತೂ ಹಾಸ್ಯಾಸ್ಪದವಾಗಿ ಕಾಣುತ್ತದೆ. ಇಲ್ಲಿಂದ ಗೋವಾಕ್ಕೋ ಹುಬ್ಬಳ್ಳಿಗೋ ಹೋಗಿ ವಿಮಾನ ಹತ್ತುವವರು ವರ್ಷಕ್ಕೆ ಎಷ್ಟು ಸಲ ಹತ್ತುತ್ತಾರೆ?

ನನ್ನ ಬಳಿ ಮೂರು ಕಾರ್ಡುಗಳಿವೆ. ಒಂದು ಪೆಟ್ರೋಲಿಗೆ, ಒಂದು ಆನ್‌ಲೈನಿಗೆ, ಒಂದು ಯುಪಿಐಗೆ. ಎಲ್ಲವನ್ನೂ ಕೊಡುವ ಒಂದೇ ಕಾರ್ಡ್ ಈಗ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆ ಲೆಡ್ಜರ್, ಹೊನ್ನಾವರ

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಾರ್ಡಿನ ಹೆಸರುಗಳಿಗೆ ಹೋಗುವ ಮೊದಲು ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಅದು ತಿಳಿದರೆ ಮುಂದೆ ಯಾವುದು ಕಡಿಮೆಯಾಗಬಹುದು ಎಂಬುದೂ ತಾನಾಗಿಯೇ ತಿಳಿಯುತ್ತದೆ.

ನೀವು ಅಂಗಡಿಯಲ್ಲಿ ಸಾವಿರ ರೂಪಾಯಿಗೆ ಕಾರ್ಡ್ ಉಜ್ಜಿದರೆ ಅಂಗಡಿಯವರಿಗೆ ಸಾವಿರ ಪೂರ್ತಿ ಸೇರುವುದಿಲ್ಲ. ಎಂಡಿಆರ್ ಎಂದು ಕರೆಯುವ ಶುಲ್ಕ, ಸಾಮಾನ್ಯವಾಗಿ ಶೇ. 1.5ರಿಂದ 3ರವರೆಗೆ, ಅದರಲ್ಲಿ ಕಡಿತವಾಗುತ್ತದೆ. ಆ ಶುಲ್ಕದ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಮತ್ತು ಅದರಿಂದಲೇ ಒಂದು ಭಾಗ ಕ್ಯಾಶ್‌ಬ್ಯಾಕ್ ಆಗಿ ನಿಮ್ಮ ಕೈಗೆ ಮರಳುತ್ತದೆ. ಬ್ಯಾಂಕಿನ ಇನ್ನೊಂದು ಆದಾಯವೆಂದರೆ ಬಿಲ್ಲನ್ನು ಪೂರ್ತಿ ಕಟ್ಟದವರು ತೆರುವ ಬಡ್ಡಿ. ಹೊಸ ಗ್ರಾಹಕರು ಬೇಕಾದಾಗ ಬ್ಯಾಂಕುಗಳು ತಮ್ಮ ಪಾಲಿಗಿಂತ ಹೆಚ್ಚನ್ನು ಕೊಟ್ಟು ಶೇ. 5 ಎಂದು ಜಾಹೀರಾತು ಮಾಡುತ್ತವೆ. ಗ್ರಾಹಕರು ಬಂದು ನೆಲೆಯಾದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತವೆ.

ವಿದ್ಯುತ್ ಕಂಪನಿ, ವಿಮಾ ಸಂಸ್ಥೆ, ಪೆಟ್ರೋಲ್ ಬಂಕ್, ಸರ್ಕಾರಿ ಇಲಾಖೆ, ಇವುಗಳಲ್ಲಿ ವ್ಯಾಪಾರಿಯ ಕಡೆಯಿಂದ ಬರುವ ಶುಲ್ಕ ಬಹಳ ಕಡಿಮೆ. ಪ್ರತಿಯೊಂದು ವ್ಯಾಪಾರಕ್ಕೂ ಎಂಸಿಸಿ ಎಂಬ ನಾಲ್ಕಂಕಿಯ ಸಂಕೇತವಿರುತ್ತದೆ. ವಿದ್ಯುತ್, ನೀರಿನಂಥ ಸೇವೆಗಳಿಗೆ 4900, ದಿನಸಿ ಅಂಗಡಿಗೆ 5411, ಪೆಟ್ರೋಲ್ ಬಂಕಿಗೆ 5541. ಬ್ಯಾಂಕಿನ ಗಣಕಯಂತ್ರ ನೀವು ಏನು ಕೊಂಡಿರಿ ಎಂದು ನೋಡುವುದಿಲ್ಲ, ಆ ಸಂಕೇತವನ್ನು ಮಾತ್ರ ನೋಡುತ್ತದೆ. ಆದಾಯವಿಲ್ಲದ ಸಂಕೇತಗಳನ್ನು ಒಂದೊಂದಾಗಿ ಪಟ್ಟಿಯಿಂದ ಹೊರಗಿಡುವುದೇ ಈಗ ನಡೆಯುತ್ತಿರುವ ಕೆಲಸ. ಇದರ ಜೊತೆಗೆ 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್, ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಸಾಲದ ರಿಸ್ಕ್ ವೇಟ್ ಅನ್ನು ಶೇ. 125ರಿಂದ 150ಕ್ಕೆ ಏರಿಸಿತು. ಅಂದರೆ ಅದೇ ಸಾಲಕ್ಕೆ ಬ್ಯಾಂಕು ಹೆಚ್ಚು ಬಂಡವಾಳವನ್ನು ತೆಗೆದಿರಿಸಬೇಕಾಯಿತು. ಉದಾರತೆಗೆ ಅಲ್ಲಿಂದ ಮುಂದೆ ಜಾಗ ಉಳಿಯಲಿಲ್ಲ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. 5,06,000 ರೂಪಾಯಿಯಲ್ಲಿ ವಿಮೆ 60,000, ಕಾಲೇಜು 1,40,000, ಪೆಟ್ರೋಲ್ 60,000, ಬಿಲ್ಲುಗಳು 42,000. ಈ 3,02,000 ರೂಪಾಯಿಗೆ ಸಾಮಾನ್ಯ ಕಾರ್ಡುಗಳಲ್ಲಿ ಏನೂ ಸಿಗುವುದಿಲ್ಲ, ಸಿಕ್ಕರೂ ಅತ್ಯಲ್ಪ. ಲೆಕ್ಕಕ್ಕೆ ಉಳಿಯುವುದು 2,04,000 ಮಾತ್ರ. ಹತ್ತು ಸಾವಿರದ ನಿರೀಕ್ಷೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ತೋಟದಾಚೆ, ಶಿರಸಿ

ಲೆಡ್ಜರ್ ಅವರೆ, ಧನ್ಯವಾದಗಳು. ಖರ್ಚಿನ ಐದರಲ್ಲಿ ಮೂರು ಪಾಲು ಮೊದಲೇ ಹೊರಗೆ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಕಾಲೇಜು ಶುಲ್ಕವನ್ನು ಯಾವುದಾದರೂ ಆ್ಯಪಿನ ಮೂಲಕ ಕಾರ್ಡಿನಿಂದ ಕಟ್ಟಿ ಪಾಯಿಂಟ್ ಪಡೆಯಬಹುದು ಎಂದು ನೆಂಟರೊಬ್ಬರು ಹೇಳಿದ್ದರು. ಅದು ಈಗಲೂ ಸಾಧ್ಯವೇ?

ಕಾಳಿ ತೀರ, ಕಾರವಾರ

ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಆಗಸ್ಟ್ 1ರಿಂದ ಶಿಕ್ಷಣ ಶುಲ್ಕವನ್ನು ಇಂಥ ಆ್ಯಪುಗಳ ಮೂಲಕ ಕಟ್ಟಿದರೆ ಶೇ. 1 ಶುಲ್ಕ ಹಾಕುತ್ತಿದೆ. ಎಸ್‌ಬಿಐ ಕಾರ್ಡ್ 2025ರ ನವೆಂಬರ್ 1ರಿಂದ ಅದೇ ಹಾದಿ ಹಿಡಿಯಿತು. ಕಾಲೇಜಿನ ಸ್ವಂತ ಜಾಲತಾಣದಲ್ಲಿ ಕಾರ್ಡಿನಿಂದ ಕಟ್ಟಿದರೆ ಬ್ಯಾಂಕಿನ ಈ ಶುಲ್ಕವಿಲ್ಲ. ಆದರೆ ಅನೇಕ ಕಾಲೇಜುಗಳು ಗೇಟ್‌ವೇ ವೆಚ್ಚವನ್ನು, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿಯ ಶುಲ್ಕವನ್ನು, ಪೋಷಕರ ಮೇಲೆಯೇ ಹಾಕುತ್ತವೆ. 1,40,000ಕ್ಕೆ ಶೇ. 1 ಎಂದರೂ 1,400 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,652. ಶಿಕ್ಷಣ ಸಂಸ್ಥೆ ಮತ್ತು ಆಸ್ಪತ್ರೆಗಳಿಗೆ ಯುಪಿಐ ಮಿತಿಯನ್ನು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದೆ. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಕಟ್ಟಿ ನಿಶ್ಚಿಂತರಾಗಿರಿ.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ಲೆಡ್ಜರ್ ಅವರು ಪೂರ್ತಿ ಹೊಡೆದು ಹಾಕಿದ್ದನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಕಾರ್ಡಿನಲ್ಲಿ ಏನೂ ಸಿಗುವುದಿಲ್ಲ, ನಿಜ. ಬಂಕಿನಲ್ಲಿ ಕಾರ್ಡ್ ಬಳಸಿದ್ದಕ್ಕೆ ಬೀಳುವ ಶೇ. 1 ಸರ್ಚಾರ್ಜ್ ಮನ್ನಾ ಮಾಡುತ್ತಾರೆ, ಅದರ ಮೇಲಿನ ಜಿಎಸ್‌ಟಿ ಮಾತ್ರ ಹಿಂದೆ ಬರುವುದಿಲ್ಲ. ಆದರೆ ತೈಲ ಕಂಪನಿಯ ಹೆಸರಿನ ಕಾರ್ಡುಗಳ ಲೆಕ್ಕವೇ ಬೇರೆ. ಬಿಪಿಸಿಎಲ್ ಎಸ್‌ಬಿಐ ಕಾರ್ಡಿನಲ್ಲಿ ಭಾರತ್ ಪೆಟ್ರೋಲಿಯಂ ಬಂಕಿನ ಪ್ರತಿ 100 ರೂಪಾಯಿಗೆ 13 ಪಾಯಿಂಟ್, ನಾಲ್ಕು ಪಾಯಿಂಟಿಗೆ ಒಂದು ರೂಪಾಯಿ, ಅಂದರೆ ಶೇ. 3.25. ವರ್ಷಕ್ಕೆ 60,000 ರೂಪಾಯಿಯ ಪೆಟ್ರೋಲಿಗೆ 1,950. ಶುಲ್ಕ 499, ಜಿಎಸ್‌ಟಿ ಸೇರಿ 589. ವರ್ಷಕ್ಕೆ 50,000 ಖರ್ಚು ಮಾಡಿದರೆ ಮರುವರ್ಷ ಅದೂ ಇಲ್ಲ. ನಿಮ್ಮ ದಾರಿಯಲ್ಲಿ ಭಾರತ್ ಪೆಟ್ರೋಲಿಯಂ ಬಂಕ್ ಇದ್ದರೆ ಮಾತ್ರ ಇದು ಉಪಯುಕ್ತ. ಅದಕ್ಕಾಗಿ ಐದು ಕಿಲೋಮೀಟರ್ ಸುತ್ತು ಹಾಕುವುದಾದರೆ ಬೇಡ. ಇಲ್ಲಿ ನಮ್ಮ ಕಡೆಯ ಅನೇಕರು ಗೋವಾದಲ್ಲಿ ಪೆಟ್ರೋಲ್ ಅಗ್ಗವೆಂದು ಪೊಳೆಂ ಗಡಿ ದಾಟಿ ತುಂಬಿಸಿಕೊಂಡು ಬರುತ್ತಾರೆ. ಅಂಥವರಿಗೆ ಕಾರ್ಡಿನ ಶೇ. 3ಕ್ಕಿಂತ ಬೆಲೆಯ ವ್ಯತ್ಯಾಸವೇ ಮುಖ್ಯ.

ಪೇಟೆ ಬೀದಿ, ಕುಮಟಾ

ದಿನಸಿ ಅಂಗಡಿ ನಡೆಸುವವನಾಗಿ ಗಲ್ಲಾಪೆಟ್ಟಿಗೆಯ ಈಚೆ ಬದಿಯ ಮಾತನ್ನೂ ಹೇಳಬೇಕೆನಿಸಿತು. ನೀವೆಲ್ಲ ಹಂಚಿಕೊಳ್ಳುತ್ತಿರುವ ಶೇ. 1, ಶೇ. 2 ನಮ್ಮ ಬಿಲ್ಲಿನಿಂದ ಹೋಗುವ ಹಣ. ಹಿಂದೆ ಕಾರ್ಡ್ ತರುವವರು ಅಪರೂಪವಾಗಿದ್ದರು, ಯಂತ್ರ ಮೂಲೆಯಲ್ಲಿ ಬಿದ್ದಿರುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದ ಮೇಲೆ, ಗಲ್ಲೆಯ ಮುಂದಿರುವ ಅದೇ ಕ್ಯೂಆರ್‌ನಿಂದ ಜನ ಸಾಲದ ಹಣ ಕಟ್ಟತೊಡಗಿದ್ದಾರೆ. ಗಿರಾಕಿ ಉಳಿತಾಯ ಖಾತೆಯಿಂದ ಕಟ್ಟಿದರೋ ಕಾರ್ಡಿನಿಂದ ಕಟ್ಟಿದರೋ ಎಂಬುದು ಧ್ವನಿಪೆಟ್ಟಿಗೆ ಮೊತ್ತ ಕೂಗಿದಾಗ ನಮಗೆ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಖಾತೆಗೆ ಕಡಿಮೆ ಬಂದಾಗಲೇ ತಿಳಿಯುತ್ತದೆ.

ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಶುಲ್ಕವಿಲ್ಲ. ಅದಕ್ಕಿಂತ ಮೇಲೆ ಇದೆ. ಒಬ್ಬರು ತಿಂಗಳ ಸಾಮಾನಿಗೆ 5,000 ರೂಪಾಯಿ ಕಾರ್ಡಿನಿಂದ ಕಟ್ಟಿದರೆ, ಶುಲ್ಕ ಶೇ. 2 ಎಂದಿಟ್ಟುಕೊಂಡರೂ ಜಿಎಸ್‌ಟಿ ಸೇರಿ 118 ರೂಪಾಯಿ ಹೋಗುತ್ತದೆ. ಸಕ್ಕರೆಯಲ್ಲಿ, ಎಣ್ಣೆಯಲ್ಲಿ ನಮಗೆ ಉಳಿಯುವುದೇ ಅಷ್ಟು. ಆದ್ದರಿಂದ ಕೆಲವು ಅಂಗಡಿಯವರು ಕಾರ್ಡ್ ಎಂದ ಕೂಡಲೇ ಶೇ. 2 ಹೆಚ್ಚು ಕೇಳುತ್ತಾರೆ, ಇಲ್ಲವೇ ನಗದು ಕೊಟ್ಟರೆ ಬೆಲೆ ಇಳಿಸುತ್ತಾರೆ. ಚಿನ್ನದಂಗಡಿಯಲ್ಲಿ, ಫರ್ನಿಚರ್ ಅಂಗಡಿಯಲ್ಲಿ ಇದು ನಿತ್ಯದ ಮಾತು. ಅಲ್ಲಿ ಶೇ. 2 ಕೊಟ್ಟು ಶೇ. 1 ಪಡೆಯುವುದು ಎಂಥ ಲಾಭವೆಂದು ನನಗೆ ಅರ್ಥವಾಗುವುದಿಲ್ಲ.

ಗಂಗಾವಳಿ, ಅಂಕೋಲಾ

ಪೇಟೆ ಬೀದಿಯವರ ಮಾತಿಗೆ ಒಂದು ಸೇರ್ಪಡೆ. ಎಲ್ಲ ಕ್ಯೂಆರ್‌ಗೂ ರುಪೇ ಕ್ರೆಡಿಟ್ ನಡೆಯುವುದಿಲ್ಲ. ಮೀನು ಪೇಟೆಯಲ್ಲಿ ಬಂಗುಡೆ ಕೊಂಡು, ಬುಟ್ಟಿಯ ಅಂಚಿಗೆ ದಾರದಿಂದ ಕಟ್ಟಿದ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಮೀನು ಮಾರುವ ಅಕ್ಕನ ಮಗನ ಹೆಸರು ಬರುತ್ತದೆ, ಕಾರ್ಡಿನ ಆಯ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಉಳಿತಾಯ ಖಾತೆಯ ಕ್ಯೂಆರ್. ಕ್ರೆಡಿಟ್ ಕಾರ್ಡಿನಿಂದ ವ್ಯಕ್ತಿಗೆ ಹಣ ಕಳಿಸಲು ಅವಕಾಶವಿಲ್ಲ, ವ್ಯಾಪಾರಿಯಾಗಿ ನೋಂದಾಯಿಸಿದ ಕ್ಯೂಆರ್ ಬೇಕು. ಸಂತೆ, ತರಕಾರಿ ಗಾಡಿ, ಹೂವಿನವರು, ಮೀನಿನವರು, ಇವರಲ್ಲಿ ಹೆಚ್ಚಿನವರದು ಹೀಗೆಯೇ. ತೋಟದಾಚೆಯವರು ದಿನಸಿ ಮತ್ತು ತರಕಾರಿಯ 9,000ವನ್ನು ಪೂರ್ತಿ ಕಾರ್ಡಿನ ಲೆಕ್ಕಕ್ಕೆ ಹಿಡಿಯುವ ಮೊದಲು ಅದರಲ್ಲಿ ಎಷ್ಟು ಅಂಗಡಿಗೆ, ಎಷ್ಟು ಸಂತೆಗೆ ಎಂದು ನೋಡಬೇಕು.

ತೋಟದಾಚೆ, ಶಿರಸಿ

ಸಂತೆಗೆ ಮತ್ತು ಬೀದಿಯ ಗಾಡಿಗಳಿಗೆ ಸುಮಾರು 3,000 ಹೋಗುತ್ತದೆ. ಉಳಿದ 6,000 ಅಂಗಡಿಗೆ. ಅದರಲ್ಲಿಯೂ ಸ್ವಲ್ಪ ಭಾಗವನ್ನು ನಾವು ಅಡಿಕೆ ಹಾಕುವ ಸೊಸೈಟಿಯಲ್ಲಿ ಖಾತೆಗೆ ಬರೆಸುತ್ತೇವೆ.

ಘಟ್ಟದ ಮೇಲೆ, ಸಿದ್ದಾಪುರ

ಸೊಸೈಟಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಅಡಿಕೆ ಬೆಳೆಗಾರರ ಮನೆಗೆ ಕಾರ್ಡ್ ಆರಿಸುವಾಗ ಶೇಕಡಾವಾರಿಗಿಂತ ಮೊದಲು ನೋಡಬೇಕಾದ್ದು ಹಣ ಬರುವ ಕಾಲ. ಸಂಬಳದವರಿಗೆ ತಿಂಗಳ ಕೊನೆಗೆ ಹಣ ಬರುತ್ತದೆ, ಮುಂದಿನ ವಾರ ಬಿಲ್ ಕಟ್ಟುತ್ತಾರೆ. ನಮಗೆ ಕೊಯ್ಲು ಮುಗಿದು, ಬೇಯಿಸಿ, ಒಣಗಿಸಿ, ದರ ನೋಡಿ ಮಾರಿದಾಗ ಒಟ್ಟಿಗೆ ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಖರ್ಚು ಮಾತ್ರ. ಸೊಸೈಟಿಯಲ್ಲಿ ಖಾತೆಗೆ ಬರೆಸಿದ್ದು ಅಡಿಕೆ ಮಾರಿದಾಗ ವಜಾ ಆಗುತ್ತದೆ. ಕಾರ್ಡಿನವರು ಅಡಿಕೆಯ ದರ ಏರುವ ತನಕ ಕಾಯುವುದಿಲ್ಲ, ಪ್ರತಿ ತಿಂಗಳೂ ಬಿಲ್ ಬರುತ್ತದೆ. ಆದ್ದರಿಂದ ನಾವು ಅಡಿಕೆ ಮಾರಿದಾಗಲೇ ಮಳೆಗಾಲದ ಕಾರ್ಡ್ ಬಿಲ್ಲಿಗೆ ಆಗುವಷ್ಟನ್ನು ಬೇರೆ ಉಳಿತಾಯ ಖಾತೆಯಲ್ಲಿ ಇಟ್ಟು, ಅದರಿಂದ ಪೂರ್ತಿ ಮೊತ್ತ ತಾನಾಗಿಯೇ ಕಡಿತವಾಗುವಂತೆ ಮಾಡಿಕೊಂಡಿದ್ದೇವೆ.

ಇನ್ನೊಂದು ತೊಡಕು ಅರ್ಜಿಯದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ಅನೇಕರು ಆದಾಯ ತೆರಿಗೆ ರಿಟರ್ನ್ ಅನ್ನೇ ಸಲ್ಲಿಸಿರುವುದಿಲ್ಲ, ವ್ಯವಹಾರವೆಲ್ಲ ಸಹಕಾರಿ ಸಂಘದಲ್ಲಿ ಇರುತ್ತದೆ. ಹೀಗಾಗಿ ದೊಡ್ಡ ತೋಟವಿದ್ದವರ ಅರ್ಜಿಯೂ ತಿರಸ್ಕೃತವಾಗುತ್ತದೆ. ಅಂಥವರಿಗೆ ಎಫ್‌ಡಿ ಆಧಾರದ ಕಾರ್ಡ್ ಒಳ್ಳೆಯ ದಾರಿ. ಠೇವಣಿ ಇಟ್ಟ ಮೊತ್ತದ ಬಹುಪಾಲು ಮಿತಿಯಾಗಿ ಸಿಗುತ್ತದೆ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಅದರಲ್ಲಿ ರಿವಾರ್ಡ್ ಕಡಿಮೆ ಎನ್ನುವುದು ನಿಜ. ಆದರೆ ಒಂದೆರಡು ವರ್ಷ ಸರಿಯಾಗಿ ಕಟ್ಟಿದರೆ ಕ್ರೆಡಿಟ್ ಸ್ಕೋರ್ ಬೆಳೆಯುತ್ತದೆ, ಆಮೇಲೆ ಬೇಕಾದ ಕಾರ್ಡ್ ಕೇಳಬಹುದು.

ಒಟಿಪಿಯ ಕಷ್ಟವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಆನ್‌ಲೈನಿನಲ್ಲಿ ಏನಾದರೂ ಕೊಳ್ಳುವಾಗ ವೈಫೈ ಇರುವ ಜಗಲಿಯಲ್ಲಿ ಒಬ್ಬರು ಕುಳಿತು, ಒಟಿಪಿ ಬರುವ ಫೋನ್ ಹಿಡಿದು ಇನ್ನೊಬ್ಬರು ಅಂಗಳದಾಚೆಯ ದಣಪೆಯ ಬಳಿ ನಿಂತು ಸಂಖ್ಯೆಯನ್ನು ಕೂಗಿ ಹೇಳಬೇಕು. ಆ್ಯಪಿನೊಳಗೇ ಅನುಮೋದನೆ ಕೊಡುವ ವ್ಯವಸ್ಥೆ ಇರುವ ಕಾರ್ಡಾದರೆ ಅರ್ಧ ಶೇಕಡಾ ಕಡಿಮೆ ಸಿಕ್ಕರೂ ನಾನು ಅದನ್ನೇ ಆರಿಸುತ್ತೇನೆ.

ಕಾಳಿ ತೀರ, ಕಾರವಾರ

ಈಗ ಆನ್‌ಲೈನ್ ಖರೀದಿಯ ಲೆಕ್ಕವನ್ನು ಮಾಡೋಣ, ಏಕೆಂದರೆ ತೋಟದಾಚೆಯವರ ಪಟ್ಟಿಯಲ್ಲಿ ನಿಜವಾದ ವ್ಯತ್ಯಾಸ ಬೀಳುವುದು ಅಲ್ಲಿಯೇ. ತಿಂಗಳಿಗೆ 6,000 ಎಂದರೆ ವರ್ಷಕ್ಕೆ 72,000.

ಶೇ. 5 ಕೊಡುವ, 999 ರೂಪಾಯಿ ವಾರ್ಷಿಕ ಶುಲ್ಕದ ಕಾರ್ಡಿನಲ್ಲಿ 3,600 ರೂಪಾಯಿ ಬರುತ್ತದೆ. ಶುಲ್ಕ ಜಿಎಸ್‌ಟಿ ಸೇರಿ 1,179. ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದರೆ ಶುಲ್ಕ ಮನ್ನಾ. ಆದರೆ ವಿಮೆ, ಕಾಲೇಜು, ಪೆಟ್ರೋಲ್ ಮತ್ತು ಬಿಲ್ಲುಗಳನ್ನು ಈ ಕಾರ್ಡಿನಿಂದ ಕಟ್ಟದಿದ್ದರೆ, ಸಂತೆ ಮತ್ತು ಸೊಸೈಟಿ ಕಳೆದ ಮೇಲೆ ನೀವು ಎರಡು ಲಕ್ಷವನ್ನು ಮುಟ್ಟುವುದಿಲ್ಲ. ಉಳಿಯುವುದು 2,421.

ಅಮೆಜಾನ್ ಪೇ ಐಸಿಐಸಿಐ ಕಾರ್ಡಿಗೆ ವಾರ್ಷಿಕ ಶುಲ್ಕವೇ ಇಲ್ಲ. ಪ್ರೈಮ್ ಸದಸ್ಯರಿಗೆ ಅಮೆಜಾನಿನಲ್ಲಿ ಶೇ. 5, ಸದಸ್ಯರಲ್ಲದವರಿಗೆ ಶೇ. 3, ಹೊರಗಿನ ಸಾಮಾನ್ಯ ಖರೀದಿಗೆ ಶೇ. 1. ನಿಮ್ಮ ಆನ್‌ಲೈನ್ ಖರೀದಿ ಪೂರ್ತಿ ಅಲ್ಲಿಯೇ ಎಂದಾದರೆ, ಪ್ರೈಮ್ ಇಲ್ಲದೆಯೇ 2,160 ಬರುತ್ತದೆ. ಮೇಲಿನ ಕಾರ್ಡಿಗೂ ಇದಕ್ಕೂ ವರ್ಷಕ್ಕೆ ಇರುವ ವ್ಯತ್ಯಾಸ 261 ರೂಪಾಯಿ. ಶೇ. 5ಕ್ಕೂ ಶೇ. 3ಕ್ಕೂ ಇರುವ ಅಂತರ ಜಾಹೀರಾತಿನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ, ಶುಲ್ಕ ಕಳೆದಾಗ ಎಷ್ಟಕ್ಕೆ ನಿಲ್ಲುತ್ತದೆ ನೋಡಿ. ಇನ್ನು ಕಾರ್ಡಿಗಾಗಿಯೇ ಪ್ರೈಮ್ ಕೊಳ್ಳುವ ಯೋಚನೆ ಬಂದರೆ, ಹೆಚ್ಚುವರಿ ಶೇ. 2ರಿಂದ ಬರುವುದು 1,440, ಸದಸ್ಯತ್ವದ ಬೆಲೆ 1,499. ಸಿನಿಮಾ ನೋಡಲು ಬೇಕಿದ್ದರೆ ಅದು ಬೇರೆ ಮಾತು.

ಬೇರೆ ಬೇರೆ ಜಾಲತಾಣಗಳಲ್ಲಿ ಕೊಳ್ಳುವವರಾದರೆ ಮೊದಲಿನದು ಗೆಲ್ಲುತ್ತದೆ.

ಬಿಲ್ಲುಗಳ ಬಗ್ಗೆಯೂ ಒಂದು ಮಾತು. ಏಸ್ ಕಾರ್ಡಿನಲ್ಲಿ ಗೂಗಲ್ ಪೇ ಮೂಲಕ ವಿದ್ಯುತ್, ಫೋನ್ ಬಿಲ್ ಕಟ್ಟಿದರೆ ಶೇ. 5 ಎಂಬ ಆಕರ್ಷಣೆ ಇದೆ. ಆದರೆ 2025ರ ಆರಂಭದಿಂದ ಗೂಗಲ್ ಪೇ ಕಾರ್ಡಿನಿಂದ ಕಟ್ಟುವ ಬಿಲ್ಲಿಗೆ ಶೇ. 0.5ರಿಂದ 1ರವರೆಗೆ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕತೊಡಗಿದೆ. 2,500 ರೂಪಾಯಿಯ ಬಿಲ್ಲಿಗೆ 125 ಬಂದು 29.50 ಹೋದರೆ, ಶೇ. 5 ಎಂಬುದು ಶೇ. 4ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆದರೂ ಕೆಟ್ಟದ್ದೇನಲ್ಲ. ಯುಪಿಐಗೆ ನಾನು ಬಳಸುವುದು ಟಾಟಾ ನ್ಯೂ ಇನ್ಫಿನಿಟಿ ಕಾರ್ಡಿನ ರುಪೇ ಆವೃತ್ತಿ. 2024ರ ಆಗಸ್ಟಿನಿಂದ ಅವರದೇ ಆ್ಯಪಿನ ಯುಪಿಐ ಐಡಿ ಬಳಸಿದರೆ ಶೇ. 1.5, ಬೇರೆ ಆ್ಯಪಿನಿಂದಾದರೆ ಶೇ. 0.5. ಬರುವುದು ಹಣವಲ್ಲ, ಅವರ ಅಂಗಡಿಗಳಲ್ಲಿ ನಡೆಯುವ ನ್ಯೂಕಾಯಿನ್. ನಾನು ಅದನ್ನು 1ಎಂಜಿಯಲ್ಲಿ ಔಷಧ ತರಿಸಲು ಖರ್ಚು ಮಾಡುತ್ತೇನೆ.

ಪೇಟೆ ಬೀದಿ, ಕುಮಟಾ

ನನಗೆ ಶುಲ್ಕವಿಲ್ಲದ 2,000ದೊಳಗಿನ ಪಾವತಿಗೂ ಶೇ. 1.5 ಕೊಡುತ್ತಾರೆ ಎಂದರೆ ಆ ಹಣವನ್ನು ಯಾರು ತುಂಬುತ್ತಾರೆ?

ಹಳೆ ಲೆಡ್ಜರ್, ಹೊನ್ನಾವರ

ಪೇಟೆ ಬೀದಿಯವರೆ, ಸದ್ಯಕ್ಕೆ ಬ್ಯಾಂಕು ಮತ್ತು ಅದರ ಪಾಲುದಾರ ಕಂಪನಿ ತುಂಬುತ್ತವೆ. ಆದ್ದರಿಂದಲೇ ಮುಂದೆ ಮೊದಲು ಕತ್ತರಿ ಬೀಳುವುದು ಅಲ್ಲಿ ಎಂಬುದು ನನ್ನ ಅಂದಾಜು. ಕಾಳಿ ತೀರದವರು ಒಂದು ಆ್ಯಪಿನ ಐಡಿಗೆ ಒಂದೂವರೆ, ಇನ್ನೊಂದಕ್ಕೆ ಅರ್ಧ ಎಂದರಲ್ಲ, ಆ ಇಳಿತ ಈಗಾಗಲೇ ಆರಂಭವಾಗಿರುವುದರ ಗುರುತು ಅದು.

ಮೂರು ಕಾರ್ಡ್ ಇಟ್ಟುಕೊಳ್ಳುವ ಸಲಹೆಗೆ ನನ್ನ ವಿರೋಧವಿದೆ. ಮೂರು ಕಾರ್ಡ್ ಎಂದರೆ ಮೂರು ಬಿಲ್ ದಿನಾಂಕ, ಮೂರು ನಿಯಮಪತ್ರ. ಕಾಳಿ ತೀರದವರಂತೆ ಕೋಷ್ಟಕ ಮಾಡಿ ನೋಡಿಕೊಳ್ಳುವವರಿಗೆ ಅದು ಹವ್ಯಾಸವೂ ಹೌದು. ಎಲ್ಲರಿಗೂ ಆ ವ್ಯವಧಾನ ಇರುವುದಿಲ್ಲ. ಒಂದು ತಿಂಗಳು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅಂಕಿಯಲ್ಲಿಯೇ ಹೇಳುತ್ತೇನೆ. ಬಡ್ಡಿ ತಿಂಗಳಿಗೆ ಶೇ. 3.5ರಿಂದ 3.75, ಅಂದರೆ ವರ್ಷಕ್ಕೆ ಶೇ. 42ರಿಂದ 45. ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿಸಿದರೂ ಬಡ್ಡಿರಹಿತ ಅವಧಿ ಹೋಗಿಬಿಡುತ್ತದೆ. ಖರೀದಿ ಮಾಡಿದ ದಿನದಿಂದಲೇ ಬಡ್ಡಿ ಲೆಕ್ಕವಾಗುತ್ತದೆ, ಹೊಸ ಖರೀದಿಗಳಿಗೂ ಅಂದಿನಿಂದಲೇ ಬಡ್ಡಿ ಏರುತ್ತದೆ. 20,000 ರೂಪಾಯಿಗೆ ಒಂದು ತಿಂಗಳ ಬಡ್ಡಿ 700, ಜಿಎಸ್‌ಟಿ ಸೇರಿ 826. ತಡಪಾವತಿ ಶುಲ್ಕ ಬೇರೆ. ಕಾಳಿ ತೀರದವರು ಲೆಕ್ಕ ಹಾಕಿ ತೋರಿಸಿದ 261 ರೂಪಾಯಿಯ ಲಾಭವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿದೆ. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಎಂದು ಬಿಲ್ಲಿನಲ್ಲಿ ಕಾಣುವ ಸಾಲನ್ನು ಓದಲೇಬೇಡಿ.

ಪಾಯಿಂಟ್ ಕೊಡುವ ಕಾರ್ಡಿನವರಿಗೆ ಇನ್ನೊಂದು ಮಾತು. 100 ರೂಪಾಯಿಗೆ ಎರಡು ಪಾಯಿಂಟ್ ಎಂದರೆ ಶೇ. 2 ಅಲ್ಲ. ಒಂದು ಪಾಯಿಂಟಿಗೆ 25 ಪೈಸೆಯಾದರೆ ಅದು ಅರ್ಧ ಶೇಕಡಾ. ಪಾಯಿಂಟ್ ಬಿಡಿಸಿಕೊಳ್ಳಲು 99 ರೂಪಾಯಿ ಮತ್ತು ಜಿಎಸ್‌ಟಿ ತೆಗೆದುಕೊಳ್ಳುವ ಬ್ಯಾಂಕುಗಳಿವೆ, ಅವಧಿ ಮುಗಿದರೆ ಪಾಯಿಂಟೂ ಇಲ್ಲ. ನೇರವಾಗಿ ಬಿಲ್ಲಿನಲ್ಲಿ ಕಡಿತವಾಗುವ ಕಾರ್ಡಿಗೆ ನನ್ನ ಮತ.

ಕಾಳಿ ತೀರ, ಕಾರವಾರ

ಲೆಡ್ಜರ್ ಅವರೆ, ಪೂರ್ತಿ ಮೊತ್ತ ತಾನಾಗಿಯೇ ಕಡಿತವಾಗುವಂತೆ ಮಾಡಿಟ್ಟರೆ ಮೂರಿದ್ದರೂ ತಪ್ಪುವುದಿಲ್ಲ. ನನಗೆ ತಿಂಗಳ ಸಂಬಳ ಬರುತ್ತದೆ, ಖಾತೆಯಲ್ಲಿ ಹಣವಿರುತ್ತದೆ. ಆದರೆ ಘಟ್ಟದ ಮೇಲಿನವರು ಹೇಳಿದ ಮಳೆಗಾಲದ ಸ್ಥಿತಿಯಲ್ಲಿರುವ ಮನೆಗೆ ಒಂದೇ ಕಾರ್ಡ್ ಸಾಕು ಎಂಬುದನ್ನು ಒಪ್ಪುತ್ತೇನೆ.

ತೋಟದಾಚೆ, ಶಿರಸಿ

ಎಲ್ಲರ ಮಾತನ್ನೂ ಮನೆಯವರೊಡನೆ ಕುಳಿತು ಓದಿದೆವು. ಕಾಲೇಜು ಶುಲ್ಕ, ಎಲ್‌ಐಸಿ ಮತ್ತು ಬಿಲ್ಲುಗಳನ್ನು ಬ್ಯಾಂಕ್ ಖಾತೆಯಿಂದಲೇ ಕಟ್ಟುವುದೆಂದು ನಿರ್ಧರಿಸಿದ್ದೇವೆ. ಆನ್‌ಲೈನ್ ಖರೀದಿಯ ಬಹುಪಾಲು ಒಂದೇ ಜಾಲತಾಣದಲ್ಲಿ ಆಗುತ್ತಿರುವುದರಿಂದ ವಾರ್ಷಿಕ ಶುಲ್ಕವಿಲ್ಲದ ಕಾರ್ಡಿಗೆ ಅರ್ಜಿ ಹಾಕುತ್ತೇನೆ. ಔಷಧದ ಅಂಗಡಿಯಲ್ಲಿ ಯಂತ್ರ ಇರುವುದರಿಂದ ಅಲ್ಲಿಯೂ ಅದೇ ನಡೆಯುತ್ತದೆ. ಪೆಟ್ರೋಲ್ ಕಾರ್ಡ್ ಸದ್ಯಕ್ಕೆ ಬೇಡ, ನಾವು ಹೋಗುವ ದಾರಿಯ ಬಂಕ್ ಬೇರೆ ಕಂಪನಿಯದು. ದಿನಸಿ ಅಂಗಡಿಯವರಿಗೆ ಮೊದಲಿನಂತೆ ಖಾತೆಯಿಂದಲೇ ಯುಪಿಐ ಮಾಡುತ್ತೇವೆ. ಪೇಟೆ ಬೀದಿಯವರ ಬರಹ ಓದಿದ ಮೇಲೆ ಪರಿಚಯದ ಅಂಗಡಿಯಲ್ಲಿ ತಿಂಗಳಿಗೆ 60 ರೂಪಾಯಿಗಾಗಿ ಕಾರ್ಡ್ ಬಳಸಲು ಮನಸ್ಸಾಗಲಿಲ್ಲ.

ಹೀಗೆ ನೋಡಿದರೆ ವರ್ಷಕ್ಕೆ 2,400ರಷ್ಟು ಬರಬಹುದು. ಈಗಿರುವ ಕಾರ್ಡಿನಲ್ಲಿ ಹೊಸ ನಿಯಮದಂತೆ ಶುಲ್ಕ ಕಳೆದರೆ ಅದರ ಕಾಲು ಭಾಗವೂ ಉಳಿಯುವುದಿಲ್ಲ. ಅದನ್ನು ಮುಚ್ಚುವಾಗ ಏನೇನು ನೋಡಿಕೊಳ್ಳಬೇಕು?

ಹಳೆ ಲೆಡ್ಜರ್, ಹೊನ್ನಾವರ

ಹೊಸ ಕಾರ್ಡ್ ಕೈಗೆ ಬಂದು ಚಾಲ್ತಿಯಾಗುವವರೆಗೆ ಹಳೆಯದನ್ನು ಮುಚ್ಚಬೇಡಿ. ಮುಂದಿನ ವಾರ್ಷಿಕ ಶುಲ್ಕ ಯಾವ ತಿಂಗಳ ಬಿಲ್ಲಿನಲ್ಲಿ ಬರುತ್ತದೆ ಎಂದು ನೋಡಿ, ಅದಕ್ಕೆ ಮೊದಲು ಕೆಲಸ ಮುಗಿಸಿ. ಉಳಿದಿರುವ ಪಾಯಿಂಟುಗಳನ್ನು ಮೊದಲು ಬಿಡಿಸಿಕೊಳ್ಳಬೇಕು, ಮುಚ್ಚಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಬಾಕಿಯನ್ನು ಪೈಸೆ ಬಿಡದೆ ಕಟ್ಟಿ, ಮುಚ್ಚುವ ಕೋರಿಕೆಯನ್ನು ಬ್ಯಾಂಕಿನ ಜಾಲತಾಣ, ಆ್ಯಪ್ ಅಥವಾ ಇಮೇಲ್ ಮೂಲಕವೇ ಸಲ್ಲಿಸಿ. ಫೋನಿನಲ್ಲಿ ಮಾತ್ರ ಹೇಳಿದರೆ ಅಲ್ಲಿನವರು ಶುಲ್ಕ ಮನ್ನಾದ ಮಾತಾಡಿ ನಿಮ್ಮನ್ನು ಉಳಿಸಿಕೊಳ್ಳಲು ನೋಡುತ್ತಾರೆ, ಕೋರಿಕೆಯ ದಾಖಲೆಯೂ ಉಳಿಯುವುದಿಲ್ಲ. ಬೇಕಿದ್ದರೆ ಆ ಮನ್ನಾವನ್ನು ಲಿಖಿತವಾಗಿ ಕೇಳಿ, ಕೊಟ್ಟರೆ ಕಾರ್ಡ್ ಇಟ್ಟುಕೊಳ್ಳಬಹುದು.

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಬಾಕಿ ಇಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕು ನಿಮಗೆ ಕೊಡಬೇಕು. ಮುಚ್ಚಿದ ಬಗ್ಗೆ ಬಂದ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಿ, ಒಂದೆರಡು ತಿಂಗಳ ಬಳಿಕ ಕ್ರೆಡಿಟ್ ವರದಿಯಲ್ಲಿ ಆ ಕಾರ್ಡಿನ ಮುಂದೆ ಮುಚ್ಚಿದೆ ಎಂದು ಬಂದಿದೆಯೇ ನೋಡಿ.

ಘಟ್ಟದ ಮೇಲೆ, ಸಿದ್ದಾಪುರ

ಹಳೆಯ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಪಾವತಿಗಳು ಇದ್ದರೆ, ಅಂದರೆ ಎಲ್‌ಐಸಿ, ಫೋನ್ ರೀಚಾರ್ಜ್ ಅಥವಾ ಮಕ್ಕಳು ಹಾಕಿಕೊಂಡ ಸಿನಿಮಾ ಆ್ಯಪುಗಳ ಚಂದಾ, ಕಾರ್ಡ್ ಮುಚ್ಚುವ ಕೋರಿಕೆಗೆ ಮೊದಲೇ ಅವನ್ನು ಬೇರೆ ಖಾತೆಗೆ ಬದಲಾಯಿಸಿಕೊಳ್ಳಿ. ಬ್ಯಾಂಕಿನ ಆ್ಯಪಿನಲ್ಲಿ ಇ-ಮ್ಯಾಂಡೇಟ್ ಎಂಬ ಪಟ್ಟಿ ಇರುತ್ತದೆ, ಅದನ್ನು ತೆರೆದರೆ ಎಲ್ಲವೂ ಕಾಣುತ್ತದೆ. ಎಲ್‌ಐಸಿ ಕಂತಿನ ದಿನ ಹತ್ತಿರವಿದ್ದರೆ ಆ ಒಂದು ಕಂತು ಮುಗಿದ ಮೇಲೆಯೇ ಕೋರಿಕೆ ಕಳಿಸುವುದು ಲೇಸು.